ಮೂರನೇ ಮೆಟ್ಟಿಲಿನ ಹಾಜರಿ

ನಾನು ಕನ್ನಡ ಮೇಷ್ಟ್ರು. ಮಾಗಡಿ ರಸ್ತೆಯ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಇಪ್ಪತ್ತು ಚಿಲ್ಲರೆ ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಬ್ಯಾಸ್ಕೆಟ್‌ಬಾಲನ್ನು ಜೀವನದಲ್ಲಿ ಒಮ್ಮೆ ಆಡಿದ್ದೇನೆ. ಆವತ್ತು ಚೆಂಡು ನೇರ ಮೂಗಿನ ಮೇಲೆ ಬಂದು ಕನ್ನಡಕ ಎರಡು ಹೋಳಾಯಿತು. ಆಮೇಲಿಂದ ನೋಡುವುದಷ್ಟೇ. ಆದರೆ ನೋಡುವುದರಲ್ಲಿ ನಾನು ಸಾಮಾನ್ಯನಲ್ಲ. ಬಸವೇಶ್ವರನಗರದ ಸಿಮೆಂಟು ಅಂಕಣದಲ್ಲಿ ಕಾಲೇಜು ಪಂದ್ಯ ಯಾವುದೇ ನಡೆದರೂ ಮೂರನೇ ಮೆಟ್ಟಿಲಿನ ಎಡತುದಿಯಲ್ಲಿ ನಾನಿರುತ್ತೇನೆ. ಮೊದಲ ಮೆಟ್ಟಿಲಿಗೆ ಬಿಸಿಲು ಬಡಿಯುತ್ತದೆ, ಎರಡನೆಯದರ ತುಂಬ ಆಟಗಾರರ ಚೀಲಗಳು, ನಾಲ್ಕನೆಯದು ಪಾರಿವಾಳಗಳಿಗೆ ಸೇರಿದ್ದು. ಇಷ್ಟೆಲ್ಲ ವಿಚಾರ ಮಾಡಿ ಮೂರನೆಯದನ್ನು ಆರಿಸಿಕೊಂಡದ್ದು.

ನನ್ನ ಪಕ್ಕದಲ್ಲಿ ಕೂರುವವರು ಗೋವಿಂದರಾಜನಗರದ ಒಬ್ಬ ನಿವೃತ್ತ ಬಸ್ ಕಂಡಕ್ಟರು. ನನಗಿಂತ ಹತ್ತು ವರ್ಷ ದೊಡ್ಡವರು. ಪಂದ್ಯ ಶುರುವಾಗುವ ಮೊದಲು ತಲೆ ಎಣಿಸುವುದು ಅವರ ಹಳೆಯ ಅಭ್ಯಾಸ, ನಿವೃತ್ತಿಯಾದರೂ ಬಿಟ್ಟಿಲ್ಲ. ಹುಡುಗರ ಪಂದ್ಯವಾದರೆ ಎಣಿಸಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಹುಡುಗಿಯರ ಪಂದ್ಯಕ್ಕೆ ಕತ್ತು ಕೂಡ ತಿರುಗಿಸುವುದಿಲ್ಲ. “ಇಬ್ರು” ಎಂದು ಹೇಳಿ ಕಡಲೆಕಾಯಿ ಪೊಟ್ಟಣ ಬಿಚ್ಚುತ್ತಾರೆ. ಆ ಇಬ್ಬರು ನಾವೇ.

ಕಾಲೇಜು ಆಟದ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯಗಳಿವೆ. ಯಾರೂ ಕೇಳಿಲ್ಲ, ಆದರೂ ಇವೆ. ಕಾಲೇಜಿಗಾಗಿ ಆಡುವವರು ಕಾಲೇಜಿನಲ್ಲಿ ಓದುತ್ತಿರಬೇಕು ಎಂಬುದು ಅದರಲ್ಲಿ ಮುಖ್ಯವಾದದ್ದು. ಕೇಳಲು ಸರಳವಾಗಿದೆ. ಆದರೆ ನಮ್ಮ ಎದುರಾಳಿ ಕಾಲೇಜೊಂದರಲ್ಲಿ ಆರಡಿ ಮೂರಂಗುಲದ ಒಬ್ಬ ಮಹಾಶಯ ಮೊದಲು ಬಿ.ಎ. ಮಾಡಿದ, ಆಮೇಲೆ ಎಂ.ಎ. ಮಾಡಿದ, ಅದಾದ ಮೇಲೆ ಇನ್ನೊಂದು ವಿಷಯದಲ್ಲಿ ಇನ್ನೊಂದು ಎಂ.ಎ.ಗೆ ಸೇರಿಕೊಂಡ. ಅಷ್ಟು ಜ್ಞಾನದಾಹ ಇರುವವನು, ಯಾರೂ ಅಡ್ಡಬರದ ಫ್ರೀ ಥ್ರೋ ಹಾಕುವಾಗ ಮಾತ್ರ ಯಾವಾಗಲೂ ಅವಸರ ಮಾಡುತ್ತಿದ್ದ. ಒಮ್ಮೆ ಅವನ ಅರ್ಹತಾ ಪತ್ರದ ಫೋಟೋದಲ್ಲಿ ಗಡ್ಡವಿತ್ತು, ಮುಖದ ಮೇಲೆ ಇರಲಿಲ್ಲ. ನಾನು ಕೂಡಲೇ ಒಂದೂವರೆ ಪುಟದ ಲಿಖಿತ ಆಕ್ಷೇಪಣೆ ಬರೆದು ಸಂಘಟಕರ ಮೇಜಿಗೆ ಕೊಟ್ಟೆ. ಅವರು ಓದಿದರು. ಪ್ರೇಕ್ಷಕರಿಗೆ ಆಕ್ಷೇಪಣೆ ಸಲ್ಲಿಸುವ ಹಕ್ಕಿಲ್ಲ ಎಂದರು. ಭಾಷೆ ಚೆನ್ನಾಗಿದೆ ಎಂದೂ ಹೇಳಿದರು.

ಆಟಗಾರರನ್ನು ಹುಡುಕಿ ತರುವ ಪದ್ಧತಿಯೂ ನನಗೆ ಸರಿಬೀಳುವುದಿಲ್ಲ. ಮೇ ತಿಂಗಳು ಬಂತೆಂದರೆ ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರ ಕಣ್ಣು ನೆಲ ಬಿಟ್ಟು ಮೇಲಕ್ಕೆ ಹೋಗುತ್ತದೆ. ಅವರನ್ನು ನಾವೆಲ್ಲ ಪಿ.ಡಿ. ಎಂದು ಕರೆಯುತ್ತೇವೆ. ಪಿಯುಸಿ ಮುಗಿಸಿದ ಎತ್ತರದ ಮಕ್ಕಳು ಎಲ್ಲಿದ್ದಾರೆ ಎಂದು ರಾಜಾಜಿನಗರದಿಂದ ಕೆಂಗೇರಿಯವರೆಗೆ ಸ್ಕೂಟರಿನಲ್ಲಿ ಸುತ್ತುತ್ತಾರೆ. ಸಿಕ್ಕವರನ್ನು ಕರೆತಂದು ಸ್ಟಾಫ್ ರೂಮಿನ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾರೆ. ಮೇಲಿನ ಗೆರೆಯವರಿಗೆ ಪೂರ್ತಿ ಫೀಸು ಮಾಫಿ, ಟ್ರ್ಯಾಕ್ ಸೂಟು, ದಿನಾ ಅಭ್ಯಾಸದ ನಂತರ ಎರಡು ಮೊಟ್ಟೆ, ಒಂದು ಲೋಟ ಹಾಲು. ಆಚೆ ಕಾಲೇಜಿನವರು ಮೂರು ಮೊಟ್ಟೆ ಎಂದರೆ ಮಕ್ಕಳು ಅಲ್ಲಿಗೆ. ಒಂದು ಮೊಟ್ಟೆಗೆ ಪದವಿ ಬದಲಾಯಿಸುವುದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಗುತ್ತಿತ್ತು.

ಇನ್ನು ಆಡುವವರಿಗೆ ದುಡ್ಡು ಕೊಡುವ ವಿಷಯ. ಇದರಲ್ಲಿ ಕಂಡಕ್ಟರಿಗೂ ನನಗೂ ಎಣ್ಣೆ ಸೀಗೆಕಾಯಿ.

“ನೋಡಿ ಮೇಷ್ಟ್ರೇ,” ಎನ್ನುತ್ತಿದ್ದರು ಅವರು, “ಸೀಟಿ ಊದೋರಿಗೆ ದುಡ್ಡು, ಸ್ಕೋರ್ ಬರ್ಕೊಳೋರಿಗೆ ದುಡ್ಡು, ಶಾಮಿಯಾನದೋನಿಗೆ ದುಡ್ಡು. ಬೆವ್ರು ಸುರಿಸ್ಕೊಂಡು ಓಡಾಡ್ತಿರೋ ಹತ್ತು ಜನಕ್ಕೆ ಮಾತ್ರ ಬಾಳೆಹಣ್ಣು.”

“ವಿದ್ಯಾರ್ಥಿ ವಿದ್ಯಾರ್ಥಿಯಾಗೇ ಆಡ್ಬೇಕು ಯಜಮಾನ್ರೇ. ದುಡ್ಡು ಬಂದ್ರೆ ಅದು ನೌಕರಿ ಆಗುತ್ತೆ.”

“ನೌಕರಿ ಅಂದ್ರೆ ಏನು, ಬೈಗುಳಾನಾ?”

ಒಂದು ದಿನ ಫೋನು ನನ್ನ ಮುಖಕ್ಕೆ ಹಿಡಿದು, ಅಮೆರಿಕದಲ್ಲಿ ಕಾಲೇಜು ಹುಡುಗರು ದುಡ್ಡು ತಗೊಳ್ಳಬಹುದು ಎಂದು ಆಗಿಹೋಗಿದೆ, ಇನ್ನು ನಿಮ್ಮ ವಾದ ನಡೆಯುವುದಿಲ್ಲ ಎಂದರು. ಅಲ್ಲಿನ ಹುಡುಗರಿಗೆ ಶೇಕಡಾ ಎಪ್ಪತ್ತೈದು ಹಾಜರಿ ಇದೆಯೇ ಎಂದು ಕೇಳಿದೆ. ಅವರ ಫೋನಿನಲ್ಲಿ ಆ ಮಾಹಿತಿ ಇರಲಿಲ್ಲ. ಗೆದ್ದವನಂತೆ ಅವರ ಪೊಟ್ಟಣದಿಂದಲೇ ನಾಲ್ಕು ಕಡಲೆಕಾಯಿ ತೆಗೆದುಕೊಂಡೆ.

ಹಾಜರಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಇಡೀ ಕಾಲೇಜಿಗೆ ಗೊತ್ತು. ಪಂದ್ಯಕ್ಕೆ ಹೋದ ಮಕ್ಕಳಿಗೆ ಓ.ಡಿ. ಎಂದು ಒಂದು ಸೌಲಭ್ಯವಿದೆ. ಕಾಲೇಜಿನ ಕೆಲಸದ ಮೇಲೆ ಹೋಗಿದ್ದಾರೆ ಎಂದು ಲೆಕ್ಕ, ಹಾಜರಿ ಸಿಗುತ್ತದೆ. ಆದರೆ ತಂಡದ ಜೊತೆ ಕಾಲೇಜಿನ ಸಿಬ್ಬಂದಿ ಒಬ್ಬರಾದರೂ ಇರಬೇಕು. ಇದ್ದರೆ ಓ.ಡಿ., ಇಲ್ಲದಿದ್ದರೆ ಬಂಕು. ಈ ನಿಯಮವನ್ನು ಹತ್ತು ವರ್ಷದ ಹಿಂದೆ ಸಭೆಯಲ್ಲಿ ಸೂಚಿಸಿದವನು ನಾನೇ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಚಹಾ ಬಂದದ್ದಕ್ಕೆ ತಟ್ಟಿದರು ಎಂದು ಪಿ.ಡಿ. ಆಮೇಲೆ ಹೇಳಿದರು.

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ.

ಬ್ಯಾಡರಹಳ್ಳಿಯಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಎರಡನೇ ಪಂಕ್ತಿಗೆ ಕಾಯುತ್ತಾ ಹೊರಗೆ ನಿಂತಾಗ, ಎದುರಿನ ಸರ್ಕಾರಿ ಶಾಲೆಯ ಬಯಲಿನಲ್ಲಿ ಒಬ್ಬ ಹುಡುಗಿ ಬಲೆಯಿಲ್ಲದ ಕಬ್ಬಿಣದ ರಿಂಗಿಗೆ ಚೆಂಡು ಹಾಕುತ್ತಿದ್ದಳು. ಎತ್ತರವಿಲ್ಲ. ಪಿ.ಡಿ.ಯ ಯಾವ ಗೆರೆಯನ್ನೂ ಮುಟ್ಟುವಂತಿರಲಿಲ್ಲ. ಆದರೆ ಎಡಗೈಯಲ್ಲಿ ಚೆಂಡು ಬಡಿಯುತ್ತಾ ಬಂದು, ಕಣ್ಣನ್ನು ಒಂದು ಕಡೆಗಿಟ್ಟು ಚೆಂಡನ್ನು ಇನ್ನೊಂದು ಕಡೆಗೆ ದಾಟಿಸಿದ್ದನ್ನು ನೋಡಿ ನನಗೆ ಎರಡನೇ ಪಂಕ್ತಿ ತಪ್ಪಿಹೋಯಿತು. ಮೂರನೆಯದರಲ್ಲಿ ಹೋಳಿಗೆ ಖಾಲಿಯಾಗಿತ್ತು. ಮಾರನೇ ದಿನ ಪಿ.ಡಿ.ಗೆ ಹೀಗೊಬ್ಬ ಹುಡುಗಿ ಇದ್ದಾಳೆ ಎಂದೆ. ಇದನ್ನು ಆಟಗಾರರನ್ನು ಹುಡುಕಿ ತರುವುದು ಎಂದು ನಾನು ಒಪ್ಪುವುದಿಲ್ಲ. ಮಾಹಿತಿ ಕೊಟ್ಟೆ ಅಷ್ಟೇ.

ಅವಳು ಬಿ.ಕಾಂ. ಸೇರಿದಳು. ತಾಯಿ ಸುಂಕದಕಟ್ಟೆಯ ಕಡೆ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ, ತಂದೆ ಇಲ್ಲ, ಕ್ರೀಡಾ ಕೋಟಾ ಇಲ್ಲದಿದ್ದರೆ ಕಾಲೇಜೇ ಇಲ್ಲ ಎಂಬುದು ಸೇರುವಾಗಲೇ ಎಲ್ಲರಿಗೂ ಗೊತ್ತಿತ್ತು. ಕೋಟಾಕ್ಕೆ ಷರತ್ತುಗಳಿದ್ದವು. ಪ್ರತಿ ವಿಷಯದಲ್ಲೂ ಹಾಜರಿ ಇರಬೇಕು, ಪ್ರತಿ ಸೆಮಿಸ್ಟರಿನ ಪರೀಕ್ಷೆಗೆ ಕೂರಬೇಕು. ಹಾಲ್ ಟಿಕೆಟ್ ತಪ್ಪಿದರೆ ಸೀಟೂ ತಪ್ಪಿತು.

ನನ್ನ ತರಗತಿಯಲ್ಲಿ ಅವಳು ಕಿಟಕಿಯ ಪಕ್ಕ ಕೂರುತ್ತಿದ್ದಳು. ಬೆಳಗ್ಗೆ ಐದೂವರೆಗೆ ಅಭ್ಯಾಸಕ್ಕೆ ಬಂದವಳು ಮಧ್ಯಾಹ್ನ ಹನ್ನೆರಡರ ಹಳಗನ್ನಡ ಪದ್ಯಕ್ಕೆ ತೂಕಡಿಸದೆ ಇರುವುದು ಕಷ್ಟ. ತೂಕಡಿಸುತ್ತಿದ್ದಳು. ನಾನು ಎಬ್ಬಿಸುತ್ತಿರಲಿಲ್ಲ. ಹಾಜರಿ ಎಂದರೆ ಹಾಜರಿರುವುದು, ಎಚ್ಚರವಿರುವುದು ಅಂತ ಎಲ್ಲಿಯೂ ಬರೆದಿಲ್ಲ.

ಎರಡನೇ ವರ್ಷದಲ್ಲಿ ಅದು ನಡೆಯಿತು. ಒಂದು ಕ್ಲಬ್ಬಿನವರು ಕಾಲೇಜು ತಂಡಗಳಿಗೆ ಪಂದ್ಯಾವಳಿ ಇಟ್ಟಿದ್ದರು. ನಮ್ಮ ಹುಡುಗಿಯರು ಸೆಮಿಫೈನಲ್ ತಲುಪಿದ್ದರು. ಪಂದ್ಯ ಹನ್ನೆರಡು ಗಂಟೆಗೆ, ನನ್ನ ತರಗತಿಯೂ ಹನ್ನೆರಡು ಗಂಟೆಗೆ. ಪಿ.ಡಿ. ಹುಡುಗರ ತಂಡದ ಜೊತೆ ತುಮಕೂರಿಗೆ ಹೋಗಿದ್ದರು. ಹುಡುಗಿಯರು ತಾವೇ ಬಸ್ಸು ಹತ್ತಿ ಹೋಗಿದ್ದರು.

ಹನ್ನೊಂದೂವರೆಯ ಬಿಡುವಿನಲ್ಲಿ ನಾನು ತರಗತಿಯ ಬಾಗಿಲಲ್ಲಿ ನಿಂತು, ಮುಂದಿನ ಪದ್ಯವನ್ನು ಎಲ್ಲರೂ ಲೈಬ್ರರಿಯಲ್ಲಿ ಕೂತು ಓದಿ, ಸಾರಾಂಶ ಬರೆಯಿರಿ, ನಾಳೆ ನೋಡುತ್ತೇನೆ ಎಂದೆ. ಕೆಲವರು ಲೈಬ್ರರಿಗೆ ಹೋದರು. ಉಳಿದವರು ಬೇಕರಿಗೆ ಹೋದರು. ನಾನು ಆಟೋ ಹತ್ತಿದೆ. ಸಾರಾಂಶ ಬರೆಸುವುದೂ ಒಂದು ಬೋಧನಾ ವಿಧಾನ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

“ಇಬ್ರು” ಎಂದರು ಕಂಡಕ್ಟರು, ನಾನು ಕೂರುವ ಮೊದಲೇ.

ಮೊದಲರ್ಧ ಮುಗಿದಾಗ ಹಾಜರಿ ನೆನಪಾಯಿತು. ಹಾಜರಿ ಪುಸ್ತಕ ಹೋಗಿ ಫೋನಿನಲ್ಲಿ ಆ್ಯಪ್ ಬಂದಿದೆಯಲ್ಲ. ತರಗತಿ ತೆರೆದರೆ ಎಲ್ಲರ ಹೆಸರೂ ಹಸಿರಾಗಿರುತ್ತದೆ, ಬಾರದವರ ಹೆಸರು ಒತ್ತಿದರೆ ಕೆಂಪಾಗುತ್ತದೆ. ಆವತ್ತಿನದನ್ನು ಆವತ್ತೇ ತುಂಬದಿದ್ದರೆ ಪ್ರಾಂಶುಪಾಲರಿಗೆ ಸಂದೇಶ ಹೋಗುತ್ತದೆ. ಸಂಜೆ ಮರೆತುಬಿಟ್ಟೇನು ಎಂದು ಅಲ್ಲೇ ಫೋನು ತೆಗೆದೆ. ಅರವತ್ತು ಹಸಿರು ಹೆಸರುಗಳು. ಎಲ್ಲರನ್ನೂ ಹಸಿರಾಗಿಯೇ ಬಿಟ್ಟು ಕಳಿಸಬಹುದಿತ್ತು. ಆದರೆ ನಾನು ಪ್ರಾಮಾಣಿಕ. ಇವರಲ್ಲಿ ತರಗತಿಗೆ ಬಂದಿಲ್ಲ ಎಂದು ನನಗೆ ಖಂಡಿತವಾಗಿ ಗೊತ್ತಿರುವವರು ಯಾರು ಎಂದು ಯೋಚಿಸಿದೆ. ಒಬ್ಬಳು ಗೊತ್ತಿದ್ದಳು, ತಂಡದಲ್ಲಿ ನನ್ನ ತರಗತಿಯವಳು ಅವಳೊಬ್ಬಳೇ. ನನ್ನ ಕಣ್ಣೆದುರಿಗೆ ಕೂತು ನೀರು ಕುಡಿಯುತ್ತಿದ್ದಳು. ಅವಳ ಹೆಸರನ್ನು ಒತ್ತಿದೆ, ಕೆಂಪಾಯಿತು.

“ಏನ್ ಮೇಷ್ಟ್ರೇ, ಆಟ ಬಿಟ್ಟು ಫೋನು?” ಎಂದರು ಕಂಡಕ್ಟರು.

“ಕಾಲೇಜಿನ ಕೆಲಸ” ಎಂದೆ.

ಪಂದ್ಯ ಎರಡು ಪಾಯಿಂಟಿನಲ್ಲಿ ಸೋತೆವು. ಕೊನೆಯ ನಿಮಿಷದಲ್ಲಿ ಅವಳು ಫ್ರೀ ಥ್ರೋಗೆ ನಿಂತಾಗ “ಮಂಡಿ ಬಗ್ಗಿಸೇ!” ಎಂದು ನಾನು ಕೂಗಿದ್ದು ಪಾರಿವಾಳಗಳೆಲ್ಲ ಹಾರಿಹೋಗುವಷ್ಟು ಜೋರಾಗಿತ್ತು. ಅವಳು ತಿರುಗಿ ನೋಡಿ ಮಂಡಿ ಬಗ್ಗಿಸಿದಳು.

ಸೆಮಿಸ್ಟರಿನ ಕೊನೆಗೆ ಹಾಜರಿ ಕೊರತೆಯವರ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಿದರು. ಮಕ್ಕಳು ಅದನ್ನು ಶಾರ್ಟೇಜ್ ಎನ್ನುತ್ತಾರೆ. ಕನ್ನಡದ ಕೆಳಗೆ ಅವಳ ಹೆಸರಿತ್ತು. ಉಳಿದ ವಿಷಯಗಳಲ್ಲಿ ಹೇಗೋ ದಡ ಸೇರಿದ್ದಳು. ನನ್ನದರಲ್ಲಿ ಒಂದೇ ಒಂದು ತರಗತಿ ಕಡಿಮೆ.

ಸ್ಟಾಫ್ ರೂಮಿಗೆ ಬಂದಳು. ಪೆನ್ಸಿಲ್ ಗೆರೆಗಳಿರುವ ಆ ಬಾಗಿಲ ಚೌಕಟ್ಟಿನ ಹತ್ತಿರವೇ ನಿಂತಳು.

“ಸಾರ್, ಒಂದೇ ಒಂದು ಕ್ಲಾಸು.”

ನಿಯಮ ಎಂದರೇನು, ಒಂದು ತರಗತಿಗೆ ಬಿಟ್ಟರೆ ನಾಳೆ ಎರಡಕ್ಕೆ ಕೇಳುತ್ತಾರೆ, ಆಮೇಲೆ ಮೂರಕ್ಕೆ, ಆಟಗಾರರೆಂದರೆ ಮೊದಲು ವಿದ್ಯಾರ್ಥಿಗಳು ಎಂದೆಲ್ಲ ಒಂದು ಹತ್ತು ನಿಮಿಷ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಪಕ್ಕದ ಮೇಜಿನ ಇತಿಹಾಸದ ಮೇಡಂ ತಲೆದೂಗುತ್ತಿದ್ದರು.

“ಹಾಲ್ ಟಿಕೆಟ್ ಬರ್ಲಿಲ್ಲ ಅಂದ್ರೆ ಅಮ್ಮ ಅವರ ಫ್ಯಾಕ್ಟ್ರಿಗೇ ಸೇರಿಸ್ತಾರಂತೆ ಸಾರ್. ಸೂಪರ್‌ವೈಸರ್ ಹತ್ರ ಮಾತಾಡಿದಾರೆ. ಅಮ್ಮನ ಪಕ್ಕದ ಮಿಷನ್ನು ಖಾಲಿ ಇದೆ.”

“ಯಾವ ದಿನದ ಕ್ಲಾಸು ತಪ್ಪಿದೆ ನೋಡೋಣ” ಎಂದು ಆ್ಯಪ್ ತೆರೆದೆ. ಉಳಿದ ಗೈರುಗಳು ಜ್ವರದಲ್ಲಿ ಮಲಗಿದ್ದ ತಿಂಗಳಿನವು, ಅದರಲ್ಲಿ ವಾದವಿಲ್ಲ. ಕೊನೆಯದರ ದಿನಾಂಕ ನೋಡಿದೆ. ಇನ್ನೊಮ್ಮೆ ನೋಡಿದೆ. ತಲೆ ಎತ್ತಿದರೆ ಅವಳು ನನ್ನನ್ನೇ ನೋಡುತ್ತಿದ್ದಳು. ಆ ದಿನ ಯಾವುದೆಂದು ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು. “ಬರ್ತೀನಿ ಸಾರ್” ಎಂದು ಹೋದಳು.

ಆ ವಾರವೆಲ್ಲ ನಾನು ಹೇಡಿಯಂತೆ ಬದುಕಿದೆ. ಬೇರೆ ಹೇಗೂ ಹೇಳಲು ಬರುವುದಿಲ್ಲ. ಕೆಂಪನ್ನು ಹಸಿರು ಮಾಡೋಣವೆಂದರೆ ಆ್ಯಪ್ ಆವತ್ತೇ ಬೀಗ ಹಾಕಿಕೊಂಡಿತ್ತು. ತಂಡದ ಜೊತೆ ಸಿಬ್ಬಂದಿ ಇದ್ದರು ಎಂದು ಓ.ಡಿ. ಕೊಡಿಸೋಣವೆಂದರೆ ಆ ಸಿಬ್ಬಂದಿ ನಾನು. ನಾನು ಅಲ್ಲಿದ್ದೆ ಎಂದರೆ ತರಗತಿಯಲ್ಲಿ ಇರಲಿಲ್ಲ ಎಂದಾಗುತ್ತದೆ. ಇರದ ತರಗತಿಗೆ ಐವತ್ತೊಂಬತ್ತು ಜನರ ಹಾಜರಿ ತುಂಬಿದ್ದೆ. ಹಲ್ಲುಜ್ಜುವಾಗ, ಸ್ನಾನ ಮಾಡುವಾಗ ಅದೇ ಯೋಚನೆ. ಅದರ ನಡುವೆ ಇನ್ನೊಂದು ವಿಷಯ ಹೊಳೆಯಿತು, ಅದು ಹೊಳೆಯದಿದ್ದರೆ ಚೆನ್ನಾಗಿತ್ತು. ಆವತ್ತು ಹನ್ನೆರಡರಿಂದ ಒಂದರವರೆಗೆ ನನಗೆ ಸಂಬಳ ನಡೆಯುತ್ತಿತ್ತು. ಕಾಲೇಜಿನ ದುಡ್ಡಿನಲ್ಲಿ ಬ್ಯಾಸ್ಕೆಟ್‌ಬಾಲ್ ಮೈದಾನದಲ್ಲಿದ್ದವನು ನಾನೊಬ್ಬನೇ, ಮತ್ತು ನಾನು ಆಡುತ್ತಿರಲಿಲ್ಲ.

ಕಂಡಕ್ಟರಿಗೆ ಎಲ್ಲ ಹೇಳಿದೆ. ಅವರು ಗೇಲಿ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ. ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದರು.

“ನಂ ಲೈನಲ್ಲಿ ಚೆಕಿಂಗ್‌ನೋರು ಹತ್ತಿದಾಗ ಟಿಕೆಟ್ ಕೊಡದೇ ಇದ್ರೆ ತಪ್ಪು ಕಂಡಕ್ಟರ್ದೇ ಮೇಷ್ಟ್ರೇ. ಪ್ಯಾಸೆಂಜರ್ನ ಇಳಿಸಿಬಿಟ್ಟು ನಾವು ಮುಂದೆ ಹೋಗೋ ಹಾಗಿರ್ಲಿಲ್ಲ.”

“ಮೆಮೋ ಕೊಡ್ತಾರೆ ಯಜಮಾನ್ರೇ. ಈ ವಯಸ್ಸಲ್ಲಿ.”

“ನಂಗೆ ಹನ್ನೊಂದು ಬಂದಿತ್ತು. ಮನೇಲಿ ಇಟ್ಟಿದೀನಿ, ಬನ್ನಿ ತೋರಿಸ್ತೀನಿ.”

ಹಾಜರಿ ಕೊರತೆಯವರ ವಿಚಾರಣೆ ಮುಂದಿನ ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ, ಪ್ರಾಂಶುಪಾಲರ ಕೊಠಡಿಯಲ್ಲಿ. ಪೋಷಕರು ಬರಬೇಕು, ವಿಷಯದ ಅಧ್ಯಾಪಕರೂ ಇರಬೇಕು. ನಾನು ಬಾಯಿ ಬಿಡಬಾರದು ಎಂದು ನಿರ್ಧಾರ ಮಾಡಿಕೊಂಡೇ ಹೋಗಿದ್ದೆ. ಪ್ರಾಂಶುಪಾಲರು ಕರುಣೆ ತೋರಿಸಬಹುದು, ಪಿ.ಡಿ. ಏನಾದರೂ ಮಾಡಬಹುದು, ಎಲ್ಲ ತಾನಾಗಿ ಸರಿಹೋಗಬಹುದು ಎಂಬ ಆಸೆ ಇತ್ತು.

ಅವಳ ತಾಯಿ ಬಂದಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಸೆರಗಿನ ತುದಿಗೆ ಬೇರೆ ಬೇರೆ ಬಣ್ಣದ ನೂಲಿನ ಚೂರುಗಳು ಅಂಟಿದ್ದವು. ಅರ್ಧ ದಿನ ಪರ್ಮಿಷನ್ ಕೇಳಿ ಬಂದಿದ್ದೇನೆ, ಹನ್ನೆರಡೂವರೆಗೆ ಒಳಗಿರಬೇಕು ಎಂದು ಮೊದಲೇ ಹೇಳಿದರು.

“ಅವತ್ತು ನಿಮ್ಮ ಮಗಳು ಎಲ್ಲಿದ್ಲು ಅಂತ ಗೊತ್ತಾ ನಿಮಗೆ?” ಎಂದರು ಪ್ರಾಂಶುಪಾಲರು.

“ಆಟಕ್ಕೆ ಹೋಗಿದೀನಿ ಅಂದ್ಲು ಸಾರ್. ನಾನು ನೋಡಿಲ್ಲ. ನಂಗೆ ಭಾನುವಾರ ಒಂದೇ ರಜ, ಇವರ ಆಟ ಯಾವತ್ತೂ ಭಾನುವಾರ ಇರಲ್ಲ.”

ಪ್ರಾಂಶುಪಾಲರು ಪಿ.ಡಿ. ಕಡೆ ನೋಡಿದರು. ಪಿ.ಡಿ. ತಾನು ತುಮಕೂರಿನಲ್ಲಿದ್ದೆ ಎಂದರು, ಪಂದ್ಯ ಇದ್ದದ್ದು ನಿಜ ಎಂದರು, ಅದಕ್ಕಿಂತ ಹೆಚ್ಚು ಅವರು ಹೇಳುವಂತಿರಲಿಲ್ಲ.

“ಸಿಬ್ಬಂದಿ ಜೊತೆಗಿದ್ರೆ ಓ.ಡಿ. ಕೊಡ್ತಿದ್ದೆ. ಅದು ನಮ್ಮ ನಿಯಮ” ಎಂದು ಪ್ರಾಂಶುಪಾಲರು ನನ್ನ ಕಡೆ ಗೌರವದಿಂದ ನೋಡಿದರು. ಆಮೇಲೆ ಹುಡುಗಿಯ ಕಡೆ ತಿರುಗಿದರು. “ಯೋಚ್ನೆ ಮಾಡಿ ಹೇಳಮ್ಮ. ನಮ್ಮ ಸ್ಟಾಫ್ ಯಾರಾದ್ರೂ ಇದ್ರಾ ಅಲ್ಲಿ?”

ಅವಳು ನನ್ನನ್ನು ನೋಡಿದಳು. ಕಣ್ಣನ್ನು ಒಂದು ಕಡೆಗಿಟ್ಟು ಚೆಂಡನ್ನು ಇನ್ನೊಂದು ಕಡೆಗೆ ದಾಟಿಸುವವಳು. ಈಗ ಕಣ್ಣು ನನ್ನ ಮೇಲೆಯೇ ಇತ್ತು.

“ಯಾರೂ ಇರ್ಲಿಲ್ಲ ಸಾರ್” ಎಂದಳು.

ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಹೆಸರು ಹೇಳಿದ್ದರೆ ಏನಾದರೂ ಸಮಜಾಯಿಷಿ ಕೊಡುತ್ತಿದ್ದೆ, ಸಮಜಾಯಿಷಿ ಸಿದ್ಧವಾಗಿಯೇ ಇತ್ತು. ಅವಳು ತನ್ನ ಸೀಟನ್ನು ಬಿಟ್ಟುಕೊಟ್ಟು ನನ್ನನ್ನು ಉಳಿಸುತ್ತಾಳೆ ಎಂದು ನಾನು ಎಣಿಸಿರಲಿಲ್ಲ.

“ನಾನಿದ್ದೆ” ಎಂದೆ.

ಪ್ರಾಂಶುಪಾಲರಿಗೆ ಅರ್ಥವಾಗಲಿಲ್ಲ. “ಎಲ್ಲಿ?”

“ಮೂರನೇ ಮೆಟ್ಟಿಲ ಮೇಲೆ.”

“ಹನ್ನೆರಡಕ್ಕೆ ನಿಮಗೆ ಕ್ಲಾಸಿತ್ತಲ್ಲ.”

“ಕ್ಲಾಸು ನಡೀಲಿಲ್ಲ ಸಾರ್. ಹಾಜರಿ ನಾನು ಅಲ್ಲೇ ಕೂತು ತುಂಬಿದೆ. ಹಾಫ್ ಟೈಮಲ್ಲಿ.”

ಪಿ.ಡಿ. ಕೆಮ್ಮಿದರು. ನಗು ಬಂದಾಗ ಕೆಮ್ಮುವುದು ಅವರ ಅಭ್ಯಾಸ. ಪ್ರಾಂಶುಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಆಫೀಸಿನವರನ್ನು ಕರೆದು, ಆ ದಿನದ ಕನ್ನಡ ತರಗತಿಯನ್ನು ಪಟ್ಟಿಯಿಂದ ತೆಗೆದುಹಾಕಿ, ಈ ಹುಡುಗಿಯ ಹಾಲ್ ಟಿಕೆಟ್ ತಡೆಯಬೇಡಿ ಎಂದರು. ನನಗೆ, “ನಿಮ್ಮ ಹತ್ರ ಆಮೇಲೆ ಮಾತಾಡ್ತೀನಿ” ಎಂದರು.

ಆಮೇಲಿನದನ್ನು ಈಗಲೇ ಹೇಳಿಬಿಡುತ್ತೇನೆ. ಮೆಮೋ ಬಂತು, ಒಂದು ದಿನದ ಸಂಬಳ ಕಡಿತವಾಯಿತು. ಮೆಮೋದಲ್ಲಿ ಮೂರು ಕಾಗುಣಿತದ ತಪ್ಪುಗಳಿದ್ದವು, ತಿದ್ದಲು ಹೋಗಲಿಲ್ಲ. ಕಂಡಕ್ಟರು ಅದನ್ನು ಎರಡು ಸಲ ಓದಿ, ಮಡಿಸಿ, ನನ್ನ ಜೇಬಿಗೇ ಇಟ್ಟು, “ಬಿಡಿ ಮೇಷ್ಟ್ರೇ, ಈಗ ಮೈದಾನದಲ್ಲಿದ್ದೋರ್ಯಾರಿಗೂ ಸಂಬಳ ಇಲ್ಲ. ನಿಮಗೆ ಬೇಕಾಗಿದ್ದು ಇದೇ ತಾನೇ” ಎಂದರು. ಆಡುವವರಿಗೆ ದುಡ್ಡು ಕೊಡಬಾರದು ಎಂದು ಆಮೇಲೆ ನಾನು ವಾದ ಮಾಡಿಲ್ಲ. ಕೊಡಬೇಕು ಎಂದು ಒಪ್ಪಿಕೊಂಡೂ ಇಲ್ಲ, ಅವರ ಮುಂದೆ ಒಪ್ಪಿಕೊಂಡರೆ ಉಳಿಗಾಲವಿಲ್ಲ. ಈಗ ಎರಡನೇ ಮೊಟ್ಟೆಯ ಜೊತೆ ಮೂರನೆಯದೂ ಸಿಗಲಿ ಎಂದು ಸಭೆಯಲ್ಲಿ ಸೂಚಿಸಿದ್ದೇನೆ. ಚಹಾ ಇನ್ನೂ ಬಂದಿರಲಿಲ್ಲ, ಹಾಗಾಗಿ ಚಪ್ಪಾಳೆ ಬೀಳಲಿಲ್ಲ.

ಆ ಸೋಮವಾರ ಕೊಠಡಿಯಿಂದ ಹೊರಗೆ ಬಂದಾಗ ತಾಯಿ ಮಗಳು ಕಾರಿಡಾರಿನಲ್ಲಿ ನಿಂತಿದ್ದರು.

“ಯಾಕಮ್ಮ ಸುಳ್ಳು ಹೇಳ್ದೆ?” ಎಂದು ಹುಡುಗಿಯನ್ನು ಕೇಳಿದೆ. ಕೇಳುವ ಯೋಗ್ಯತೆ ನನಗಿರಲಿಲ್ಲ.

“ನಿಮಗೆ ಬೈದ್ರೆ ನೀವು ಮ್ಯಾಚಿಗೆ ಬರೋದು ನಿಲ್ಲಿಸ್ಬಿಡ್ತೀರ ಅಂತ ಸಾರ್” ಎಂದಳು. “ಇರೋದೇ ಇಬ್ರು.”

ನಾನು ಕಿಟಕಿಯ ಹೊರಗೆ ನೋಡಿದೆ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಸೈಕಲ್ ಸ್ಟ್ಯಾಂಡು ಇತ್ತು.

ತಾಯಿ ಹೊರಡಲಿಲ್ಲ. ನನಗೆ ಎರಡು ಮಾತು ಅನ್ನುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ, ಅನ್ನಲಿ ಎಂದೇ ಇತ್ತು. ಅವರು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು.

“ಸಾರ್, ನೀವು ಅಲ್ಲೇ ಇದ್ರಿ ಅಂದ್ರಲ್ಲ.”

“ಇದ್ದೆ ಅಮ್ಮಾ.”

“ಪೂರ್ತಿ ನೋಡಿದ್ರಾ?”

“ಪೂರ್ತಿ ನೋಡ್ದೆ.”

“ಹೆಂಗ್ ಆಡಿದ್ಲು ಸಾರ್ ಇವ್ಳು?”

“ಅಮ್ಮಾ, ಸುಮ್ನಿರು” ಎಂದಳು ಹುಡುಗಿ.

ನಾನು ಹೇಳತೊಡಗಿದೆ. ಸೋತೆವು ಎಂಬುದನ್ನು ಮೊದಲೇ ಹೇಳಿದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆಮೇಲೆ ಆಟಕ್ಕೆ ನಾಲ್ಕು ಕ್ವಾರ್ಟರು ಎಂದು ತಿಳಿಸಿ, ಮೊದಲನೆಯದರಿಂದ ಶುರುಮಾಡಿದೆ. ಆಚೆಯವರು ಇವಳ ಮೇಲೆ ಎಷ್ಟು ಎತ್ತರದವಳನ್ನು ಬಿಟ್ಟರು, ಇವಳು ಅವಳ ತೋಳಿನ ಕೆಳಗೇ ನುಗ್ಗಿ ಹೇಗೆ ಎರಡು ಬ್ಯಾಸ್ಕೆಟ್ ಹಾಕಿದಳು ಎಂದೆ. ಕಾರಿಡಾರಿನ ಕಂಬವನ್ನು ಆ ಎತ್ತರದವಳನ್ನಾಗಿ ಮಾಡಿಕೊಂಡು, ನನ್ನ ಹೊಟ್ಟೆಯನ್ನು ಆದಷ್ಟು ಒಳಗೆಳೆದುಕೊಂಡು, ಬಗ್ಗಿ ತೋರಿಸಿದೆ. ಎರಡನೇ ಕ್ವಾರ್ಟರಿನಲ್ಲಿ ಮೊಣಕೈ ಸಿಮೆಂಟಿಗೆ ಉಜ್ಜಿ ರಕ್ತ ಬಂದದ್ದು, ಒರೆಸಿಕೊಂಡು ಎದ್ದು ಮುಂದಿನ ಚೆಂಡನ್ನೇ ಕಸಿದದ್ದು. ತಾಯಿ ಮಗಳ ಕೈ ಹಿಡಿದು ಮೊಣಕೈ ತಿರುಗಿಸಿ ನೋಡಿದರು. ಕಲೆ ಇನ್ನೂ ಇತ್ತು. ಬಸ್ಸಿನಲ್ಲಿ ಬಿದ್ದೆ ಎಂದಿದ್ದಳಂತೆ.

“ಆಮೇಲೆ?” ಎಂದರು.

ಮೂರನೇ ಕ್ವಾರ್ಟರು ಹೇಳಿದೆ. ಅಷ್ಟರಲ್ಲಿ ಹನ್ನೆರಡರ ಬೆಲ್ ಹೊಡೆಯಿತು. ನನಗೆ ಪರೀಕ್ಷೆಗೆ ಮುಂಚಿನ ರಿವಿಷನ್ ಕ್ಲಾಸಿತ್ತು, ಅವಳಿಗೂ ಅದೇ ಕ್ಲಾಸು. ತಾಯಿ ಅರ್ಧ ಗಂಟೆಯಲ್ಲಿ ಸುಂಕದಕಟ್ಟೆಯಲ್ಲಿ ಮಿಷನ್ನಿನ ಮುಂದೆ ಇರಬೇಕಿತ್ತು, ಇಲ್ಲದಿದ್ದರೆ ಅವರಿಗೆ ಉಳಿದರ್ಧ ದಿನದ ಕೂಲಿಯೂ ಇಲ್ಲ.

“ಸಾರ್, ಬೆಲ್ ಆಯ್ತು” ಎಂದಳು ಹುಡುಗಿ. “ಅಮ್ಮಾ, ನಿಂಗೂ ಲೇಟಾಗುತ್ತೆ, ಹೊರಡು.”

ತಾಯಿ ಚೀಲವನ್ನು ಕೆಳಗಿಟ್ಟು ಗೋಡೆಗೆ ಒರಗಿದರು.

“ಸುಮ್ನಿರೇ” ಎಂದರು. “ನಾಲ್ಕನೇದು ಇನ್ನೂ ಇದೆ.”